ಅತ್ತೆಯ ಹಾಲಿಗೆ ನಾಲ್ಕು ಡಿಗ್ರಿ

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನನಗೆ ಸಿ ಭಾಷೆ ಬರುತ್ತದೆ. ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಹದಿನೇಳು ವರ್ಷದಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ. ಪುಸ್ತಕ ಮುಟ್ಟದೆ ಬೋರ್ಡಿನ ತುಂಬ ಪ್ರೋಗ್ರಾಂ ಬರೆಯುತ್ತೇನೆ. ಕೊನೆಯ ಬ್ರಾಕೆಟ್ಟನ್ನು ಮಕ್ಕಳ ಕಡೆ ಮುಖ ಮಾಡಿಕೊಂಡೇ ಹಾಕುತ್ತೇನೆ. ಆದ್ದರಿಂದ ಮುಂದೆ ನಡೆದದ್ದಕ್ಕೆ ಅಜ್ಞಾನ ಕಾರಣವೆಂದು ಯಾರೂ ಭಾವಿಸಬಾರದು. ಅದಕ್ಕೆ ಬೇರೆ ಹೆಸರಿದೆ. ಆ ಹೆಸರನ್ನು ನನ್ನ ಹೆಂಡತಿ ಭಾಗ್ಯ ವಾರಕ್ಕೆರಡು ಸಲವಾದರೂ ಉಚ್ಚರಿಸುತ್ತಾಳೆ.

ಸಿ ಭಾಷೆ ಗೊತ್ತಿಲ್ಲದ ಪುಣ್ಯವಂತರಿಗಾಗಿ ಸ್ವಲ್ಪ ವಿವರ. ನಾವು ಬರೆದದ್ದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡಿಕೊಡಲು ಕಂಪೈಲರ್ ಎಂಬ ಒಬ್ಬ ಮಧ್ಯಸ್ಥನಿದ್ದಾನೆ. ನಮ್ಮ ಬರಹದಲ್ಲಿ ದೊಡ್ಡ ತಪ್ಪಿದ್ದರೆ ಎರರ್ ಎನ್ನುತ್ತಾನೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅನುಮಾನವಿದ್ದರೆ ವಾರ್ನಿಂಗ್ ಎನ್ನುತ್ತಾನೆ, ಆದರೆ ಗೊಣಗುತ್ತಲೇ ಕೆಲಸ ಮಾಡಿಕೊಡುತ್ತಾನೆ. ನಮ್ಮ ಲ್ಯಾಬಿನಲ್ಲಿ ಎರರಿಗೆ ಅಂಕ ಕಳೆಯುತ್ತೇವೆ, ವಾರ್ನಿಂಗಿಗೆ ಕಳೆಯುವುದಿಲ್ಲ. ಯಾವುದಾದರೂ ಹುಡುಗಿ, "ಸಾ, ಏನೋ ವಾರ್ನಿಂಗ್ ಬತ್ತೈತೆ" ಎಂದು ಕರೆದರೆ, "ಔಟ್‌ಪುಟ್ ಬಂತಾ? ಬಂತಲ್ಲ. ರೆಕಾರ್ಡಿಗೆ ಬರ್ಕೋ" ಎನ್ನುತ್ತೇನೆ. ಹದಿನೇಳು ಬ್ಯಾಚು ಹೀಗೆಯೇ ಪಾಸಾಗಿ ಹೋಗಿವೆ. ಒಬ್ಬರೂ ತಿರುಗಿ ಬಂದು ಬೈದಿಲ್ಲ.

ಭಾಗ್ಯಳ ತವರು ಹಳ್ಳಿಮೈಸೂರಿನಿಂದ ಒಳಕ್ಕೆ ಹೋಗುವ ಒಂದು ಊರು. ಹೆಸರು ಹೇಳುವುದಿಲ್ಲ, ಆ ಊರಿನಲ್ಲಿ ನಾನು ಇನ್ನೂ ಬಸ್ಸಿಳಿಯಬೇಕಾಗಿದೆ. ಅಲ್ಲಿನ ಹಾಲಿನ ಡೇರಿಗೆ ನಮ್ಮ ಅತ್ತೆ ನಂಜಮ್ಮನವರು ಒಂದನೇ ನಂಬರಿನ ಸದಸ್ಯೆ. ಡೇರಿ ಶುರುವಾದ ದಿನದಿಂದ ಹಾಲು ಹಾಕುತ್ತಿದ್ದಾರೆ, ಒಂದು ಸಲವೂ ಅವರ ಹಾಲು ವಾಪಸ್ಸು ಬಂದಿಲ್ಲ. ಈ ಸಂಗತಿಯನ್ನು ಅವರು ನನಗೆ ಮೊದಲ ಸಲ ತಿಳಿಸಿದ್ದು ನಾನು ಹೆಣ್ಣು ನೋಡಲು ಹೋದ ದಿನ. ಹುಡುಗಿಯ ಹೆಸರು ಹೇಳುವುದಕ್ಕೂ ಮೊದಲೇ ಹೇಳಿದ್ದರು.

ಆ ಡೇರಿಯಲ್ಲಿ ಹಾಲು ಪರೀಕ್ಷಿಸುವ ಒಂದು ಪೆಟ್ಟಿಗೆ ಇದೆ. ಒಂದು ಲೋಟ ಹಾಲು ಕುಡಿಸಿದರೆ ಅದರಲ್ಲಿ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂದು ತೋರಿಸುತ್ತದೆ. ಫ್ಯಾಟ್ ಎಂದರೆ ಜಿಡ್ಡು, ಡಿಗ್ರಿ ಎಂದರೆ ಹಾಲಿನ ಗಟ್ಟಿತನ. ಒಳ್ಳೆಯ ಹಾಲಿಗೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಡಿಗ್ರಿ ಬರುತ್ತದೆ, ಬರೀ ನೀರಿಗೆ ಸೊನ್ನೆ. ಇಪ್ಪತ್ತಾರಕ್ಕಿಂತ ಕೆಳಗಿದ್ದರೆ ಹಾಲು ವಾಪಸ್ಸು. ಈ ಪೆಟ್ಟಿಗೆಯ ಅಂಕಿ ತೋರಿಸುವ ಕಿಟಕಿ ಕೆಟ್ಟು ಕಪ್ಪಾಗಿತ್ತು. ಒಳಗೆ ಅಳತೆಯೆಲ್ಲ ಸರಿಯಾಗಿಯೇ ನಡೆಯುತ್ತಿತ್ತು, ನೋಡಲು ಮಾತ್ರ ಆಗುತ್ತಿರಲಿಲ್ಲ. ಆ ಅಂಕಿಗಳು ಒಂದು ವೈರಿನಲ್ಲಿ ಕಂಪ್ಯೂಟರಿಗೂ ಬರುತ್ತವೆ, ಅವನ್ನು ಚೀಟಿಯ ಮೇಲೆ ಮುದ್ರಿಸುವ ಒಂದು ಪ್ರೋಗ್ರಾಂ ಇದ್ದರೆ ಸಾಕು ಎಂದು ಡೇರಿಯ ಕಾರ್ಯದರ್ಶಿ ಸವಿತಾ ಹೇಳಿದಳಂತೆ. ಅತ್ತೆ ತಕ್ಷಣ ಫೋನು ಮಾಡಿದರು.

"ಅಳಿಯಂದ್ರೇ, ಊರ್ನೋರ ಮುಂದೆ ಮಾತು ಕೊಟ್ಬುಟ್ಟಿವ್ನಿ. ನಮ್ಮ ಅಳಿಯಂದ್ರು ಮಾಡ್ಕೊಡ್ತಾರೆ ಅಂತ."

"ಒಂದು ಭಾನುವಾರದ ಕೆಲಸ ಅತ್ತೆ" ಎಂದೆ. ಎಷ್ಟು ಸಲೀಸಾಗಿ ಎಂದೆನೆಂದರೆ ಪಕ್ಕದಲ್ಲಿ ಹುರುಳಿಕಾಯಿ ಮುರಿಯುತ್ತಿದ್ದ ಭಾಗ್ಯ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

ಆ ಭಾನುವಾರ ಹಾಸನದ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತೆ. ಚೀಟಿಯ ಮೇಲೆ ನಾಲ್ಕೇ ಅಂಕಿ. ಸದಸ್ಯರ ನಂಬರು, ಹಾಲು, ಫ್ಯಾಟ್, ಡಿಗ್ರಿ. ಹಾಲನ್ನು ಮಿಲಿಲೀಟರಿನಲ್ಲಿ ಇಡೋಣ ಎಂದುಕೊಂಡೆ. ಅದಕ್ಕೆ ಸಾಧಾರಣ ಅಳತೆಯ ಜಾಗ ಸಾಕಿತ್ತು. ಆದರೆ ಮೇಷ್ಟ್ರಿಗೆ ಸಾಕು ಎನ್ನುವುದು ಸಾಲುವುದಿಲ್ಲ. ಕೊಣನೂರಿನ ಹತ್ತಿರ ಕಾವೇರಿಯೇ ಹಾಲಾಗಿ ಹರಿದು, ಅಷ್ಟೂ ನಮ್ಮ ಅತ್ತೆಯ ಕ್ಯಾನಿಗೆ ಬಂದು ಬಿದ್ದರೂ ಅಂಕಿ ತುಳುಕಬಾರದೆಂದು ಅರವತ್ತನಾಲ್ಕು ಬಿಟ್ಟಿನ ವಿಶಾಲವಾದ ಜಾಗ ಕೊಟ್ಟೆ. ಅತ್ತೆಯ ಮನೆಯಲ್ಲಿರುವುದು ಎರಡು ಹಸು.

ಸಿ ಭಾಷೆಯಲ್ಲಿ ಒಂದು ಸಂಖ್ಯೆಯನ್ನು ಮುದ್ರಿಸಬೇಕಾದರೆ ಅದು ಎಷ್ಟು ದೊಡ್ಡ ಜಾಗದ್ದು ಎಂದು ಅಕ್ಷರ ಹಾಕಿ ಮುಂಚೆಯೇ ತಿಳಿಸಬೇಕು. ಸಾಧಾರಣ ಸಂಖ್ಯೆಗೆ ಡಿ. ಅದಕ್ಕಿಂತ ಉದ್ದದ್ದಕ್ಕೆ ಎಲ್-ಡಿ. ಇನ್ನೂ ಉದ್ದದ್ದಕ್ಕೆ ಎಲ್-ಎಲ್-ಡಿ. ನಾನು ನಾಲ್ಕಕ್ಕೂ ಡಿ ಹಾಕಿದೆ. ಕಂಪೈಲರ್ ನೇರಳೆ ಬಣ್ಣದಲ್ಲಿ ಗೊಣಗಿತು.

"ಏನ್ರಿ ಅದು, ಬಣ್ಣದಲ್ಲಿ ಬರ್ತಿದೆ?" ಎಂದಳು ಭಾಗ್ಯ.

"ವಾರ್ನಿಂಗು."

"ಹಂಗಂದ್ರೆ?"

"ನಿಮ್ಮಮ್ಮ ಹೇಳಲ್ವಾ, ಹುಷಾರಾಗಿ ಹೋಗಿ, ಮಳೆ ಬರಬೋದು ಅಂತ. ಅದೇ ಥರ. ಬರೋದು ಗ್ಯಾರಂಟಿ ಇಲ್ಲ."

ಆದರೂ ಹೆಂಡತಿಯ ಎದುರಿಗೆ ಅಚ್ಚುಕಟ್ಟಾಗಿರಲಿ ಎಂದು ಹಾಲಿನ ಡಿ ಮುಂದೆ ಒಂದು ಎಲ್ ಸೇರಿಸಿದೆ. ನೇರಳೆ ಮಾಯವಾಯಿತು. ಭಾಗ್ಯಳ ಕೈಯಲ್ಲಿ ಅಂಕಿ ಹೇಳಿಸಿ ನೋಡಿದೆ. ಒಂದನೇ ನಂಬರು, ಆರೂವರೆ ಲೀಟರು, ಫ್ಯಾಟ್ ನಾಲ್ಕು, ಡಿಗ್ರಿ ಇಪ್ಪತ್ತೊಂಬತ್ತು. ತೆರೆಯ ಮೇಲೆ ಚಾಚೂ ತಪ್ಪದೆ ಅದೇ ಬಂತು. ಪೆನ್‌ಡ್ರೈವಿಗೆ ಹಾಕಿಕೊಂಡೆ. ಊರಿಗೆ ಹೋಗುವಾಗ ಯಾವ ಶರಟು ಹಾಕಿಕೊಳ್ಳುವುದೆಂಬುದೊಂದೇ ಆಗ ಉಳಿದಿದ್ದ ಸಮಸ್ಯೆ.

ಮುಂದಿನ ಶನಿವಾರ ಮಧ್ಯಾಹ್ನ ನಾನೂ ಭಾಗ್ಯಳೂ ಡೇರಿಗೆ ಹೋದೆವು. ಸವಿತಾ ಬಿ.ಕಾಂ. ಓದಿದವಳು, ಆ ಊರಿನ ಸೊಸೆ, ಮಾತು ಕಡಿಮೆ. ಡೇರಿಯ ಕಂಪ್ಯೂಟರು ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟದ್ದು, ಮೂವತ್ತೆರಡು ಬಿಟ್ಟಿನ ಕಾಲದ್ದು. ಶುರು ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು. ಅದರಲ್ಲಿ ನನ್ನ ಪ್ರೋಗ್ರಾಮನ್ನು ಕಂಪೈಲ್ ಮಾಡಿದೆ. ಮನೆಯಲ್ಲಿ ತೆಪ್ಪಗಿದ್ದದ್ದು ಇಲ್ಲಿ ಮತ್ತೆ ಗೊಣಗಿತು, ಅದೇ ಹಾಲಿನ ಸಾಲಿನ ಮೇಲೆ.

ಬಾಗಿಲಲ್ಲಿ ಏಳೆಂಟು ಜನ ನಿಂತು ನೋಡುತ್ತಿದ್ದರು. ಅಳಿಯ ಎನಿಸಿಕೊಂಡವನು ಊರವರ ಎದುರಿಗೆ ಯಂತ್ರದಿಂದ ಬೈಸಿಕೊಳ್ಳುವುದು ಶೋಭೆಯಲ್ಲ. ಕಂಪೈಲರಿಗೆ ವಾರ್ನಿಂಗನ್ನೇ ಕೊಡಬೇಡ ಎಂದು ಬಾಯಿ ಮುಚ್ಚಿಸುವ ಒಂದು ಉಪಾಯವಿದೆ. ಆಜ್ಞೆಯ ಕೊನೆಗೆ ಒಂದು ಅಡ್ಡಗೆರೆ, ಒಂದು ಅಕ್ಷರ. ಹಾಕಿದೆ. ಮೌನ ಆವರಿಸಿತು.

"ಸಾ, ಅದೇನೋ ಯೋಳ್ತಿತ್ತಲ್ಲ" ಎಂದಳು ಸವಿತಾ.

"ಹಳೇ ಮಿಷನ್ನು ಕಣಮ್ಮ. ವಯಸ್ಸಾದ್ಮೇಲೆ ಗೊಣಗ್ತವೆ."

"ಒಂದ್ ಸಲ ಓದ್ಬೋದಿತ್ತು ಸಾ."

ಪರೀಕ್ಷಿಸಿ ನೋಡಲು ಹಾಲು ಬೇಕಿತ್ತು, ಹಾಲು ಬರುವುದು ಸಂಜೆಗೆ. ಆದ್ದರಿಂದ ಪರೀಕ್ಷೆಯನ್ನೂ ಉದ್ಘಾಟನೆಯನ್ನೂ ಒಟ್ಟಿಗೇ ಇಟ್ಟುಕೊಂಡೆವು.

ಸಂಜೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಚೆಂಡುಹೂ ಇಟ್ಟು, ಕಾಯಿ ಒಡೆದರು. ಮೂವತ್ತು ಮೂವತ್ತೈದು ಜನ ಕ್ಯಾನು, ತಂಬಿಗೆ, ಬಕೀಟು ಹಿಡಿದು ಸಾಲಾಗಿ ನಿಂತಿದ್ದರು. ಅತ್ತೆ ಹೊಸ ಸೀರೆ ಉಟ್ಟು ಮುಂದೆ ನಿಂತಿದ್ದರು. ನಾಲ್ಕು ಮಾತಾಡಿ ಎಂದು ಯಾರೋ ಅಂದರು. ಯಾರೂ ಅನ್ನದಿದ್ದರೂ ಆಡುತ್ತಿದ್ದೆ.

"ಮನುಷ್ಯ ಮುಖ ನೋಡಿ ಅಳೀಬಹುದು. ಯಂತ್ರಕ್ಕೆ ಆ ಬುದ್ಧಿ ಇಲ್ಲ. ಅದಕ್ಕೆ ಅತ್ತೆಯೂ ಒಂದೇ, ಊರೋರೂ ಒಂದೇ. ಈ ಚೀಟಿ ಏನು ಹೇಳುತ್ತೋ ಅದೇ ಸತ್ಯ. ಹದಿನೇಳು ವರ್ಷದ ಅನುಭವದ ಮೇಲೆ ಹೇಳ್ತಿದೀನಿ" ಎಂದೆ. ಚಪ್ಪಾಳೆ ಬಿತ್ತು.

ಅತ್ತೆ ಹಾಲು ಸುರಿದರು. ಪೆಟ್ಟಿಗೆ ಗುಟುಕರಿಸಿತು. ಚೀಟಿ ಬಂತು. ಸವಿತಾ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚೀಟಿ ನೋಡಿದಳು.

"ಜೋರಾಗಿ ಓದಮ್ಮ" ಎಂದೆ ನಾನು.

"ಒಂದನೇ ನಂಬರು. ಆಲು ಆರೂವರೆ ಲೀಟ್ರು. ಫ್ಯಾಟು ಸೊನ್ನೆ. ಡಿಗ್ರಿ ನಾಕು."

ನಾಲ್ಕು ಡಿಗ್ರಿ ಎಂದರೆ ಬಾವಿಯ ನೀರಿಗೆ ಒಂದು ಚಮಚ ಹಾಲು ತೋರಿಸಿದ ಹಾಗೆ. ಅತ್ತೆಯ ಮುಖದಲ್ಲಿ ಕೋಪ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಮೊದಲು ಬಂದದ್ದು ಗಾಬರಿ. ಅದನ್ನು ನೋಡಿಯಾದರೂ ನಾನು ಯಂತ್ರ ಕೆಟ್ಟಿದೆ ಎಂದು ಆ ಕ್ಷಣವೇ ಹೇಳಬೇಕಿತ್ತು. ಆದರೆ ಚೀಟಿ ಹೇಳುವುದೇ ಸತ್ಯವೆಂದು ಸಾರಿ ಎರಡು ನಿಮಿಷವೂ ಆಗಿರಲಿಲ್ಲ.

ಅಷ್ಟರಲ್ಲಿ ನಾನು ಕನಸಿನಲ್ಲೂ ಎಣಿಸದ ಒಂದು ಘಟನೆ ನಡೆಯಿತು. ಸಾಲು ಕರಗತೊಡಗಿತು. ಎರಡನೆಯವಳಾಗಿ ನಿಂತಿದ್ದ ಪಕ್ಕದ ಮನೆಯ ಜಯಮ್ಮ, "ಅಯ್ಯೋ, ಒಲೆ ಮ್ಯಾಲೆ ಸಾರಿಟ್ಬುಟ್ ಬಂದಿವ್ನಿ ಕಣಕ್ಕ" ಎಂದು ಕ್ಯಾನೆತ್ತಿಕೊಂಡು ಹೊರಟಳು. ಅವಳ ಹಿಂದಿನವನಿಗೆ ದನ ಕಟ್ಟುವುದು ನೆನಪಾಯಿತು. ಇನ್ನೊಬ್ಬರಿಗೆ ಮಗಳ ಫೋನು ಬಂತು, ಫೋನು ಮಾತ್ರ ಕೈಯಲ್ಲಿರಲಿಲ್ಲ. ನಂಜಮ್ಮನ ಹಾಲೇ ನಾಲ್ಕು ಡಿಗ್ರಿಯಾದರೆ ತಮ್ಮದು ಎಷ್ಟಕ್ಕೆ ಇಳಿಯಬಹುದೆಂಬ ಲೆಕ್ಕ ಎಲ್ಲರ ಮುಖದಲ್ಲೂ ಇತ್ತು. ಐದು ನಿಮಿಷದಲ್ಲಿ ಡೇರಿ ಖಾಲಿ. ಆ ಸಂಜೆ ಆ ಯಂತ್ರ ಅಳೆದದ್ದು ಒಂದೇ ಒಂದು ಹಾಲು.

"ನಿಯಮ ಅಂದ್ರೆ ನಿಯಮ. ತಗೋ ಸವಿತಾ, ವಾಪಸ್ ಸುರಿ" ಎಂದರು ಅತ್ತೆ. ಆರೂವರೆ ಲೀಟರು ಹಾಲನ್ನು ತಲೆಯ ಮೇಲಿಟ್ಟುಕೊಂಡು, ಊರ ನಡುವಿನ ಬೀದಿಯಲ್ಲಿಯೇ ಮನೆಗೆ ನಡೆದರು. ಹಿತ್ತಲ ದಾರಿ ಇತ್ತು. ಅವರು ಅದನ್ನು ಹಿಡಿಯಲಿಲ್ಲ.

ಮನೆಯಲ್ಲಿ ಭಾಗ್ಯ ಕಾಫಿ ತಂದುಕೊಟ್ಟಳು. ಕಪ್ಪು ಬಣ್ಣದ ಬಿಸಿನೀರು.

"ಹಾಲು ಹಾಕಿಲ್ವಾ?"

"ಹಾಕಿದೀನಿ ಅಂತಾರೆ ಅಮ್ಮ. ಫ್ಯಾಟ್ ಸೊನ್ನೆ ಅಲ್ವಾ, ಕಾಣಲ್ಲ ಅಂತೆ."

ಅಡುಗೆಮನೆಯಿಂದ ಅತ್ತೆಯ ದನಿ ಕೇಳಿಸಿತು. ನನಗೆ ಹೇಳಿದ್ದಲ್ಲ, ಭಾಗ್ಯಳಿಗೆ. "ಸೋಮವಾರ ಬೆಳಗ್ಗೆ ತಂಕ ನೋಡ್ತೀನಿ ಕಣವ್ವ. ಇದು ಇತ್ಯರ್ಥ ಆಗ್ನಿಲ್ಲ ಅಂದ್ರೆ ಒಂದನೇ ನಂಬರ್ ಕಾರ್ಡ್ನ ಸವಿತನ ಟೇಬಲ್ ಮ್ಯಾಲೆ ಮಡಗಿ ಬತ್ತೀನಿ. ಇನ್ಮ್ಯಾಕೆ ಆ ಡೇರಿ ಮೆಟ್ಲು ಅತ್ತಾಕಿಲ್ಲ."

"ಅವ್ರು ಸರಿ ಮಾಡ್ತಾರೆ ಬಿಡಮ್ಮ."

"ಸರಿ ಇದ್ದಿದ್ದನ್ನೇ ಅಲ್ವಾ ಅವ್ರು ಸರಿ ಮಾಡಿದ್ದು."

ಭಾನುವಾರ ಬೆಳಿಗ್ಗೆ ಡೇರಿಗೆ ಬಂದ ಹಾಲಿನ ವ್ಯಾನು ಖಾಲಿ ಹೋಯಿತು. ಒಬ್ಬರೂ ಹಾಲು ತಂದಿರಲಿಲ್ಲ. ಸವಿತಾ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಳು. ನಾನು ಪ್ರೋಗ್ರಾಂ ಬಿಟ್ಟು ಮಿಕ್ಕದ್ದರ ಮೇಲೆಲ್ಲ ಅನುಮಾನಪಟ್ಟೆ. ವೈರು ಸರಿಯಿಲ್ಲ ಎಂದೆ. ಹೊಸದು ತರಲು ಹೊಳೆನರಸೀಪುರಕ್ಕೆ ಹೋದೆ. ಅಲ್ಲಿ ಅರಕಲಗೂಡಿನಲ್ಲಿ ಸಿಗುತ್ತದೆ ಎಂದರು, ಅಲ್ಲಿಗೂ ಹೋದೆ. ಎರಡು ಬಸ್ಸು, ಒಂದು ಆಟೋ ಬದಲಾಯಿಸಿ ಮಧ್ಯಾಹ್ನ ಎರಡಕ್ಕೆ ಹೊಸ ವೈರು ತಂದು ಸಿಕ್ಕಿಸಿದೆ. ಮನೆಯಿಂದ ತರಿಸಿದ ಹಾಲಿಗೆ ಮತ್ತೆ ಸೊನ್ನೆ, ಮತ್ತೆ ನಾಲ್ಕು. ಹೊಸ ವೈರಿನಲ್ಲಿ ಸ್ವಲ್ಪ ಬೇಗ ಬಂತು ಅಷ್ಟೆ.

ಪೆಟ್ಟಿಗೆಯೇ ಕೆಟ್ಟಿದೆ ಎಂದು ಚನ್ನರಾಯಪಟ್ಟಣದ ರಿಪೇರಿಯವನಿಗೆ ಫೋನು ಮಾಡಿದೆ. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಪ್ರೋಗ್ರಾಂ ಬರ್ದಿರೋದು ಯಾರ್ ಸಾ?" ಎಂದ. ಅಂಥ ಮರ್ಯಾದೆಗೆಟ್ಟ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯವಿಲ್ಲವೆಂದು ಫೋನಿಟ್ಟೆ.

ಅಷ್ಟರಲ್ಲಿ ಸವಿತಾ ಬೀರು ಜಾಲಾಡಿ ಡಿಗ್ರಿ ನೋಡುವ ಹಿಂದಿನ ಕಾಲದ ಗಾಜಿನ ಲ್ಯಾಕ್ಟೋಮೀಟರ್ ಹುಡುಕಿ ತೆಗೆದಿದ್ದಳು. ಅತ್ತೆಯ ಹಾಲಿನಲ್ಲಿ ತೇಲಿಬಿಟ್ಟಳು. ಇಪ್ಪತ್ತೊಂಬತ್ತು. ಅವಳು ಚೀಟಿಯ ಮೇಲೆ ಬೆರಳಿಟ್ಟು, "ಸಾ, ಡಿಗ್ರಿ ಜಾಗ್ದಲ್ಲಿ ನಾಕು ಅಂತ ಐತಲ್ಲ. ಅದು ಫ್ಯಾಟು ಅಲ್ವಾ? ಒಂದ್ ಮನೆ ಪಕ್ಕಕ್ಕೆ ಓಗಿ ಕೂತಂಗಿದೆ" ಎಂದಳು.

ನನಗೆ ಮಿಂಚು ಹೊಡೆದ ಹಾಗಾಯಿತು. ನಿಜ. ಹಾಲು ಮತ್ತು ಫ್ಯಾಟಿನ ನಡುವೆ ಎಲ್ಲಿಂದಲೋ ಒಂದು ಸೊನ್ನೆ ಬಂದು ಕುಳಿತು, ಮಿಕ್ಕದ್ದನ್ನೆಲ್ಲ ಮುಂದೆ ತಳ್ಳಿತ್ತು. ಬುದ್ಧಿ ಇದ್ದವನು ಆ ಸೊನ್ನೆ ಯಾಕೆ ಬಂತೆಂದು ಕೇಳುತ್ತಿದ್ದ. ನಾನು ಅದಕ್ಕೆ ಕುರ್ಚಿ ಹಾಕಿಕೊಟ್ಟೆ. ಚೀಟಿಯಲ್ಲಿ "ಇತರೆ" ಎಂದು ಒಂದು ಹೊಸ ಮನೆ ಬರೆದು, ನಾಲ್ಕು ಅಂಕಿ ಕೊಟ್ಟು ಐದು ಮುದ್ರಿಸು ಎಂದೆ. ಇತರೆ ಸೊನ್ನೆ, ಫ್ಯಾಟ್ ನಾಲ್ಕು, ಡಿಗ್ರಿ ಇಪ್ಪತ್ತೊಂಬತ್ತು. ಸರಿಯಾಯಿತು. ಕಂಪೈಲರಿನ ಬಾಯಿಗೆ ಹಾಕಿದ್ದ ಬೀಗವನ್ನು ತೆಗೆದಿರಲಿಲ್ಲವಾದ್ದರಿಂದ ಅದೇನಂದುಕೊಂಡಿತೋ ತಿಳಿಯಲಿಲ್ಲ.

"ಇತರೆ ಅಂದ್ರೇನು ಸಾ?"

"ಮುಂದೆ ಉಪಯೋಗಕ್ಕೆ ಬರುತ್ತೆ ಅಂತ ಬಿಟ್ಟಿರೋ ಜಾಗ."

ಸಂಜೆಗೆ ಸವಿತಾ ಮನೆ ಮನೆಗೂ ಹೋಗಿ ಒಪ್ಪಿಸಿ ಜನರನ್ನು ಕರೆತಂದಳು. ಅತ್ತೆಯನ್ನು ಭಾಗ್ಯ ಕೈ ಹಿಡಿದು ಕರೆತಂದಳು. ಅವರು ಇನ್ನೇನು ಹಾಲು ಸುರಿಯಬೇಕು, ಕರೆಂಟು ಹೋಯಿತು. ಪೆಟ್ಟಿಗೆಗೂ ಪ್ರಿಂಟರಿಗೂ ಬ್ಯಾಟರಿ ಇತ್ತು, ಹಳೆಯ ಕಂಪ್ಯೂಟರಿಗೆ ಇರಲಿಲ್ಲ. ಜನ ಮತ್ತೆ ಮಿಸುಕಾಡತೊಡಗಿದರು. ನಾನು ಎದೆ ಸೆಟೆಸಿ, "ಯಾರೂ ಹೋಗಬೇಡಿ, ನನ್ನ ಲ್ಯಾಪ್‌ಟಾಪ್ ಇದೆ" ಎಂದೆ. ಅದೇ ಪ್ರೋಗ್ರಾಮನ್ನು ಅದರಲ್ಲಿ ಹಾಕಿ, ಅದಕ್ಕೂ ಬಾಯಿಬೀಗ ಜಡಿದು, ವೈರು ಸಿಕ್ಕಿಸಿದೆ. ಎಲ್ಲ ಸೇರಿ ಮೂರೇ ನಿಮಿಷ. ಅಷ್ಟು ಚುರುಕಾಗಿ ನಾನು ಯಾವ ಒಳ್ಳೆಯ ಕೆಲಸವನ್ನೂ ಮಾಡಿಲ್ಲ.

ಚೀಟಿ ಬಂತು. ಈ ಸಲ ಸವಿತಾ ಓದಲಿಲ್ಲ, ನನ್ನ ಕೈಗೇ ಕೊಟ್ಟಳು. ಜಯಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿದಳು.

"ಇತರೆ ನಾಕು. ಫ್ಯಾಟು ಇಪ್ಪತ್ತೊಂಬತ್ತು. ಡಿಗ್ರಿ... ಇದೇನಿದು, ಫೋನ್ ನಂಬರಾ?"

ಡಿಗ್ರಿಯ ಜಾಗದಲ್ಲಿ ಒಂಬತ್ತು ಅಂಕಿಯ ಒಂದು ಸಂಖ್ಯೆ ಇತ್ತು. ಅದರ ಎಡಗಡೆ ಒಂದು ಮೈನಸ್ಸೂ ಇತ್ತು.

"ಇಪ್ಪತ್ತೊಂಬತ್ತು ಫ್ಯಾಟು ಅಂದ್ರೆ ಎಮ್ಮೆಗೂ ಬರಾಕಿಲ್ಲ ಕಣ್ ನಂಜಮ್ಮಕ್ಕ. ನಿಮ್ಮನೇಲಿ ಅಸ ಬೆಣ್ಣೇನೇ ಕರಿತೈತಾ?" ಎಂದಳು ಜಯಮ್ಮ. ಸಾಲಿಗೆ ಸಾಲೇ ನಕ್ಕಿತು. ನಿನ್ನೆ ನಗದವರೂ ಇವತ್ತು ಸೇರಿಸಿ ನಕ್ಕರು.

ಅತ್ತೆ ನನ್ನ ಕಡೆ ತಿರುಗಿದರು. ಶನಿವಾರದಿಂದ ನನ್ನ ಜೊತೆ ಆಡಿದ ಮೊದಲ ಮಾತು ಅದು. "ಅಳಿಯಂದ್ರೇ. ನೆನ್ನೆ ತೆಗಳಿದ್ರಿ, ಸಯಿಸ್ಕೊಂಡೆ. ಇವತ್ತು ಹೊಗಳ್ತಿದೀರಿ. ಇದನ್ನ ಸಯಿಸ್ಕಳಕ್ಕೆ ಆಯ್ತಾ ಇಲ್ಲ." ನನಗೆ ನಿಜವಾಗಿ ನಾಚಿಕೆಯಾಯಿತು. ಅಷ್ಟೊಂದು ವರ್ಷದಿಂದ ಒಂದು ಹನಿ ನೀರು ಬೀಳದ ಹಾಗೆ ಕಾಪಾಡಿಕೊಂಡು ಬಂದ ಹೆಸರನ್ನು ನಾನು ಎರಡು ಸಂಜೆಯಲ್ಲಿ ನಗೆಪಾಟಲು ಮಾಡಿಬಿಟ್ಟಿದ್ದೆ.

ಆ ಸಂಜೆ ಸವಿತಾ ಗಾಜಿನ ಲ್ಯಾಕ್ಟೋಮೀಟರಿನಲ್ಲಿಯೇ ಹಾಲು ಅಳೆದು ಜನರನ್ನು ಕಳಿಸಿದಳು. ಕರೆಂಟು ಬಂತು. ಅವಳು ಎರಡು ಕಂಪ್ಯೂಟರನ್ನೂ ಅಕ್ಕಪಕ್ಕ ಇಟ್ಟು, ನನ್ನ ಮುಂದೆ ಒಂದು ಕುರ್ಚಿ ಎಳೆದಳು.

"ಸಾ, ಆ ಬಾಯ್ ಮುಚ್ಸಿದ್ನ ತೆಗೀರಿ. ಅದೇನ್ ಯೋಳ್ತದೋ ಕೇಳಣ."

ತೆಗೆದೆ. ನೇರಳೆ ಬಣ್ಣ ಹೊಳೆಯಾಗಿ ಹರಿಯಿತು. ಸವಿತಾ ಮೊದಲ ಸಾಲನ್ನು ಬೆರಳಿಟ್ಟು ಓದಿದಳು. ಸಿ ಭಾಷೆ ಗೊತ್ತಿಲ್ಲದವಳು, ಇಂಗ್ಲಿಷು ಮಾತ್ರ ಗೊತ್ತು.

"ಕೇಳ್ತಿರೋದು ಲಾಂಗು. ಸಿಕ್ಕಿರೋದು ಲಾಂಗ್ ಲಾಂಗು. ಇಷ್ಟೇ ತಾನೆ ಸಾ? ಶನಿವಾರದಿಂದ ಇದನ್ನೇ ಯೋಳ್ತಿತ್ತು."

ಇಷ್ಟೇ. ಒಂದು ಎಲ್ ಎಂದರೆ ಲಾಂಗ್, ಎರಡು ಎಲ್ ಎಂದರೆ ಲಾಂಗ್ ಲಾಂಗ್. ಲಾಂಗ್ ಎನ್ನುವುದು ಹಿಂದಿನ ಕಾಲದ ಸೇರಿನ ಹಾಗೆ, ಊರಿಂದ ಊರಿಗೆ ಬೇರೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಎಂಟು ಬೈಟು, ಡೇರಿಯ ಹಳೆಯ ಕಂಪ್ಯೂಟರಿನಲ್ಲಿ ನಾಲ್ಕೇ ಬೈಟು. ಹಾಲಿನ ಅಂಕಿಗೆ ನಾನು ಕೊಟ್ಟದ್ದು ಅರವತ್ತನಾಲ್ಕು ಬಿಟ್ಟು, ಅಂದರೆ ಎಂಟು ಬೈಟಿನ ಜಾಗ. ಹಳೆಯ ಕಂಪ್ಯೂಟರು ಎಲ್-ಡಿ ನೋಡಿ ನಾಲ್ಕು ಬೈಟನ್ನು ಮಾತ್ರ ಹಾಲೆಂದು ಓದಿತು. ಉಳಿದ ನಾಲ್ಕು ಬೈಟು ಖಾಲಿ, ಕಾವೇರಿಗೆಂದು ಕಾದಿರಿಸಿದ್ದು. ಆ ಖಾಲಿಯನ್ನೇ ಫ್ಯಾಟ್ ಎಂದು ಓದಿತು. ಫ್ಯಾಟನ್ನು ಡಿಗ್ರಿ ಎಂದು ಓದಿತು. ಲ್ಯಾಪ್‌ಟಾಪಿನಲ್ಲಿ ಆ ಖಾಲಿ ಬರಲೇ ಇಲ್ಲ, ಆದ್ದರಿಂದ ನಾನು ಸೇರಿಸಿದ್ದ ಐದನೇ ಮನೆಗೆ ಅದು ಕೈಗೆ ಸಿಕ್ಕ ಕಸವನ್ನು ತುಂಬಿತು. ಇದನ್ನು ನಾನು ಪ್ರತಿ ವರ್ಷ ಎರಡನೇ ಸೆಮಿಸ್ಟರಿನಲ್ಲಿ ಪಾಠ ಮಾಡುತ್ತೇನೆ. ಐದು ಅಂಕದ ಪ್ರಶ್ನೆ.

"ಈಗ ನೋಡು" ಎಂದು ಇನ್ನೊಂದು ಎಲ್ ಸೇರಿಸಿ ಎಲ್-ಎಲ್-ಡಿ ಮಾಡಿದೆ. ಹಳೆಯ ಕಂಪ್ಯೂಟರು ತೆಪ್ಪಗಾಯಿತು. ಲ್ಯಾಪ್‌ಟಾಪು ಗೊಣಗಿತು, ಲಾಂಗ್ ಲಾಂಗ್ ಎಂದಿದ್ದೀಯಲ್ಲ, ಇದು ಬರೀ ಲಾಂಗ್ ಎಂದು. ಒಂದು ಎಲ್ ತೆಗೆದೆ. ಲ್ಯಾಪ್‌ಟಾಪು ಸುಮ್ಮನಾಯಿತು, ಹಳೆಯದು ಕೂಗಿತು. ಸೇರಿಸಿದೆ. ತೆಗೆದೆ. ಒಬ್ಬರಿಗೆ ಉಪ್ಪು ಸರಿಯಾದರೆ ಇನ್ನೊಬ್ಬರಿಗೆ ಜಾಸ್ತಿ. ತಲೆ ಕೆಟ್ಟು, ಎರಡು ಕಂಪ್ಯೂಟರಿಗೆ ಎರಡು ಪ್ರೋಗ್ರಾಂ ಬರೆದು ಚೀಟಿ ಅಂಟಿಸಿಡುತ್ತೇನೆ ಎಂದೆ.

"ನಾಳಿಕ್ಕೆ ಮೂರ್ನೇ ಕಂಪ್ಯೂಟ್ರು ಬಂದ್ರೆ?" ಎಂದಳು ಸವಿತಾ. ಆಮೇಲೆ ಮೂಲೆಯಲ್ಲಿದ್ದ ಡೇರಿಯ ಅಳತೆ ಬಕೀಟನ್ನು ನೋಡುತ್ತ, "ಸಾ, ಜನ ಆಲನ್ನ ಒಬ್ಬೊಬ್ರು ಒಂದೊಂದ್ರಲ್ಲಿ ತತ್ತಾರೆ. ಚೊಂಬು, ಕ್ಯಾನು, ಪಾತ್ರೆ. ನಾವು ಚೊಂಬಿಗೊಂದು ಕ್ಯಾನಿಗೊಂದು ತಕ್ಕಡಿ ಮಡಗಿಲ್ಲವಲ್ಲ. ಯಾವುದ್ರಲ್ಲಿ ತಂದ್ರೂ ಈ ದೊಡ್ಡ ಬಕೀಟಿಗೆ ಸುರ್ಕೊಂಡು ಅಳೀತೀವಿ. ನಿಮ್ದ್ರಲ್ಲಿ ಅಂಗೆ ಒಂದು ಬಕೀಟು ಇಲ್ವಾ?" ಎಂದಳು.

ಇದೆ. ಸಿ ಭಾಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯ ಜಾಗಕ್ಕೆಂದೇ ಒಂದು ಹೆಸರಿದೆ, ಅದನ್ನು ಮುದ್ರಿಸಲು ಜೆ-ಡಿ ಎಂಬ ಅಕ್ಷರವಿದೆ. ಅಂಕಿ ಎಷ್ಟೇ ಅಗಲದ್ದಾಗಿರಲಿ, ಮುದ್ರಿಸುವ ಮೊದಲು ಆ ದೊಡ್ಡ ಜಾಗಕ್ಕೆ ಸುರಿದುಕೊಂಡರೆ ಎಲ್ಲ ಕಂಪ್ಯೂಟರಿನಲ್ಲೂ ಜೆ-ಡಿ ಒಂದೇ ಸಾಕು. ನನ್ನ ನೋಟ್ಸಿನಲ್ಲಿಯೂ ಇದೆ, ಯಾರೂ ಓದದ ಕೊನೆಯ ಪುಟದಲ್ಲಿ. ಯಾರೂ ಎಂಬಲ್ಲಿ ನಾನೂ ಸೇರಿದ್ದೇನೆ. "ಇತರೆ"ಯನ್ನು ಕಿತ್ತೆಸೆದೆ, ಹಾಲನ್ನು ದೊಡ್ಡ ಜಾಗಕ್ಕೆ ಸುರಿದೆ, ಜೆ-ಡಿ ಬರೆದೆ. ಎರಡೂ ಕಂಪ್ಯೂಟರು ಬಾಯಿಬೀಗವಿಲ್ಲದೆಯೇ ಸುಮ್ಮನಾದವು. ಬದಲಾಯಿಸಿದ್ದು ಒಟ್ಟು ಒಂದು ಸಾಲು.

ಸೋಮವಾರ ಕಾಲೇಜಿಗೆ ರಜೆ ಹಾಕಿದೆ. ಬೆಳಿಗ್ಗೆ ಅತ್ತೆ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಒಂದನೇ ನಂಬರಿನ ಕಾರ್ಡು ಹಿಡಿದು ಬಂದರು. ಹಳೆಯ ಕಂಪ್ಯೂಟರಿನಲ್ಲಿ ಒಂದು ಚೀಟಿ, ಲ್ಯಾಪ್‌ಟಾಪಿನಲ್ಲಿ ಒಂದು ಚೀಟಿ ತೆಗೆದು, ಪಕ್ಕದಲ್ಲಿ ಗಾಜಿನ ಲ್ಯಾಕ್ಟೋಮೀಟರನ್ನೂ ತೇಲಿಬಿಟ್ಟೆವು. ಮೂರರಲ್ಲೂ ಇಪ್ಪತ್ತೊಂಬತ್ತು. ಸವಿತಾ ಮೂರನ್ನೂ ಜೋರಾಗಿ ಓದಿದಳು. ಜಯಮ್ಮನಿಗೂ ಕಣ್ಣಿಗೆ ಹಿಡಿದು ತೋರಿಸಿದಳು. ಅತ್ತೆ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡರು.

"ಇಲ್ಲಿರೋರು ಕೇಳಿದ್ರೆ ಸಾಲ್ದು. ನೆನ್ನೆ ಮೊನ್ನೆ ನಗಾಡ್ದೋರು ಊರೆಲ್ಲ ಅವ್ರೆ. ಮೈಕಲ್ಲಿ ಯೋಳಿ" ಎಂದರು.

ದನಗಳ ಲಸಿಕೆಯ ದಿನ ಕೂಗಿ ಹೇಳಲು ಡೇರಿಯಲ್ಲಿ ಒಂದು ಮೈಕಿದೆ, ಅದರ ಸ್ಪೀಕರು ಮಾಡಿನ ಮೇಲೆ. ಊರ ಕೊನೆಯ ಹೊಲದವರೆಗೂ ಕೇಳಿಸುತ್ತದೆ. ನಾನು ಮೊದಲೇ ಎರಡು ಪುಟ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಗಂಟಲು ಸರಿಮಾಡಿಕೊಂಡು ಓದತೊಡಗಿದೆ.

"ಮಾನ್ಯ ಹಾಲು ಉತ್ಪಾದಕ ಬಂಧುಗಳೇ. ಶನಿವಾರ ಹಾಗೂ ಭಾನುವಾರದ ಚೀಟಿಗಳಲ್ಲಿ ಕಂಡುಬಂದ ವ್ಯತ್ಯಾಸಕ್ಕೆ ತಾಂತ್ರಿಕ ಕಾರಣಗಳಿವೆ. ಮೂವತ್ತೆರಡು ಬಿಟ್ಟಿನ ವ್ಯವಸ್ಥೆಯಲ್ಲಿ ಲಾಂಗ್ ಎಂಬುದು ನಾಲ್ಕು ಬೈಟಾಗಿದ್ದು, ಅರವತ್ತನಾಲ್ಕು ಬಿಟ್ಟಿನ ವ್ಯವಸ್ಥೆಯಲ್ಲಿ ಅದೇ ಎಂಟು ಬೈಟಾಗಿರುವುದರಿಂದ..."

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕು, ಎಂಟು ಎಂಬ ಅಂಕಿಗಳನ್ನು ಕೇಳಿದ್ದೇ ಇಬ್ಬರು ಕ್ಯಾನಿನ ಮುಚ್ಚಳ ಹಾಕಿಕೊಂಡು ಹಿಂದಕ್ಕೆ ಸರಿದರು. ಜಯಮ್ಮ, "ಇವತ್ತು ಎಂಟು ಡಿಗ್ರಿ ಅಂತೆ" ಎಂದು ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು.

ಅತ್ತೆ ಎರಡು ಹೆಜ್ಜೆ ಮುಂದೆ ಬಂದು ಮೈಕನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಕೇಳ್ರಪ್ಪ. ಇವ್ರು ಯೋಳಿದ್ದು ನಂಗೂ ತಿಳೀಲಿಲ್ಲ, ನಿಮ್ಗೂ ತಿಳೀಲಿಲ್ಲ. ಆಗಿರೋದು ಇಷ್ಟೇ. ನನ್ ಆಲು ಗಟ್ಟಿಯಾಗೇ ಐತೆ. ನೀರು ಬೆರ್ತಿರೋದು ನಮ್ಮ ಅಳಿಯಂದ್ರಿಗೆ."

ಊರ ಕೊನೆಯ ಹೊಲದವರೆಗೂ ಕೇಳಿಸಿತು. ಹಿಂದೆ ಸರಿದಿದ್ದ ಇಬ್ಬರೂ ಮುಂದೆ ಬಂದರು, ಮುಚ್ಚಳ ತೆಗೆದರು. ಜಯಮ್ಮ ಮೊದಲಾಗಿ ಎಲ್ಲರಿಗೂ ವಿಷಯ ಪೂರ್ತಿ ಅರ್ಥವಾಗಿತ್ತು. ಮೈಕು ವಾಪಸ್ಸು ನನ್ನ ಕೈಗೆ ಬಂತು. ಎರಡನೆಯ ಪುಟ ಇನ್ನೂ ಬಾಕಿಯಿತ್ತು. ಅತ್ತೆಯ ಮಾತಿನಲ್ಲಿ ತಿದ್ದುವಂಥದ್ದೇನಾದರೂ ಇದೆಯೇ ಎಂದು ಒಂದು ನಿಮಿಷ ಹುಡುಕಿದೆ. ಸಿಗಲಿಲ್ಲ. ಮೈಕು ಆರಿಸಿ ಕೆಳಗಿಟ್ಟೆ.